ನೇತಿಯ ನೀರಿಗೆ ಉಪ್ಪು ಬಂದ ಬಗೆ

ಕೃಷ್ಣೆ-ತುಂಗಭದ್ರೆಗಳ ನಡುವಣ ನಾಡನ್ನು ನಮ್ಮ ಪ್ರಾಚೀನರು ಎಡೆದೊರೆ ಎಂದು ಕರೆದರು. ಆ ನಾಡಿನ ಕೋಟೆಯ ಊರುಗಳಲ್ಲಿ ಮುದಗಲ್ ಒಂದು. 1406ರಲ್ಲಿ ಇಲ್ಲಿಯ ಅಕ್ಕಸಾಲಿಗನ ಮಗಳೊಬ್ಬಳ ನಿಮಿತ್ತ ವಿಜಯನಗರದ ದೇವರಾಯನಿಗೂ ಬಹಮನಿಯ ಫಿರೋಜ್ ಷಹನಿಗೂ ಯುದ್ಧವಾಯಿತೆಂದು ಫೆರಿಷ್ತಾ ಬರೆದಿದ್ದಾನೆ. ಅರಸರು ಕಾದಾಡಿದ ಕಥೆಗೆ ಬರಹಗಾರರು ದೊರೆತರು; ಅದೇ ಊರಿನ ಜನ ಬೆಳಗಾಗೆದ್ದು ಮೂಗು ತೊಳೆದುಕೊಂಡ ಕಥೆಗೆ ಯಾರೂ ದೊರೆಯಲಿಲ್ಲ. ವಿಷಯ ಕ್ಷುಲ್ಲಕವೆಂದು ತೋರಬಹುದು. ಎರೆಯ ಹೊಲಗಳ ಈ ಸೀಮೆಯಲ್ಲಿ ಜೋಳದ ರಾಶಿ ತೂರುವ ದಿನಗಳ ಧೂಳನ್ನು ಉಸಿರಾಡಿದವರು ಮಾತ್ರ ಹಾಗೆನ್ನಲಾರರು.

ಮೂಗಿನೊಳಕ್ಕೆ ನೀರು ಸೇದುವ ಪದ್ಧತಿ ಮುದಗಲ್ಲಿಗೆ ಹೊಸದಲ್ಲ. ನಮಾಜಿಗೆ ಮೊದಲು ಮಾಡುವ ವಜೂವಿನಲ್ಲಿ, ಬಾಯಿ ಮುಕ್ಕಳಿಸಿದ ಮೇಲೆ, ಬಲಗೈಯಿಂದ ಮೂಗಿಗೆ ನೀರೇರಿಸಿ ಎಡಗೈ ಹಿಡಿದು ಸೀಟಿ ತೆಗೆಯುತ್ತಾರೆ. ಕುರ್‌ಆನಿನ ಐದನೆಯ ಅಧ್ಯಾಯದಲ್ಲಿ ಇದರ ಸಂಬಂಧವಾಗಿ ಮುಖ, ಕೈ, ತಲೆ, ಕಾಲುಗಳ ಉಲ್ಲೇಖವಿದೆ. ಮೂಗಿನ ವಿಧಿ ಪ್ರವಾದಿಗಳ ನಡೆಯಿಂದ ಬಂದದ್ದು. ನೀರನ್ನು ಚೆನ್ನಾಗಿ ಮೇಲೆಳೆಯಬೇಕು, ಉಪವಾಸದ ದಿನ ಮಾತ್ರ ಮೆಲ್ಲಗೆ, ಎಂಬ ಸೂಕ್ಷ್ಮವೂ ಆ ಪರಂಪರೆಯಲ್ಲಿ ಉಂಟು. ಬಹಮನಿಗಳ, ಅನಂತರ ಬಿಜಾಪುರದ ಆದಿಲ್‌ಷಾಹಿಗಳ ಪಡೆ ಪರಿವಾರಗಳು ಬೀಡುಬಿಟ್ಟಿದ್ದ ಈ ಕೋಟೆಯಲ್ಲಿ ಅದು ನಿತ್ಯದ ಕ್ರಿಯೆಯಾಗಿತ್ತು. ಇಂದಿಗೂ ಊರಿನಲ್ಲಿ ಹಾಗೆಯೇ ಇದೆ. ಅದರ ಉದ್ದೇಶ ಪ್ರಾರ್ಥನೆಗೆ ಬೇಕಾದ ಶುಚಿ. ಆ ನೀರಿಗೆ ಉಪ್ಪಿನ ಅಗತ್ಯವಿರಲಿಲ್ಲ.

ಇನ್ನು ಯೋಗದ ಕಡೆಗೆ ಬರೋಣ. ಉಪ್ಪುನೀರಿನ ಜಲನೇತಿ ಋಷಿಗಳ ಕಾಲದಿಂದ ಹಾಗೆಯೇ ಬಂದದ್ದೆಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಗ್ರಂಥಗಳನ್ನು ತೆರೆದರೆ ಚಿತ್ರವೇ ಬೇರೆ. ಹದಿನೈದನೆಯ ಶತಮಾನದ ಸ್ವಾತ್ಮಾರಾಮನು ಹಠಯೋಗಪ್ರದೀಪಿಕೆಯಲ್ಲಿ ಹೇಳುವ ನೇತಿ ನೀರಿನದಲ್ಲ, ದಾರದ್ದು: ಗೇಣುದ್ದದ ನುಣುಪಾದ ದಾರವನ್ನು ಮೂಗಿನಲ್ಲಿ ಪೋಣಿಸಿ ಬಾಯಿಂದ ಹೊರತೆಗೆಯುವುದು. (ಕೇಳಿದರೇ ಕಣ್ಣಲ್ಲಿ ನೀರಾಡುತ್ತದೆ!) ಅವನಿಗಿಂತ ಈಚಿನ ಘೇರಂಡಸಂಹಿತೆಯಲ್ಲಿಯೂ ನೇತಿಯೆಂದರೆ ದಾರವೇ. ಮೂಗಿನಿಂದ ನೀರು ಸೆಳೆದು ಬಾಯಿಂದ ಬಿಡುವ ಕ್ರಿಯೆ ಅಲ್ಲಿ ಉಂಟು ನಿಜ. ಆದರೆ ಅದು ಕಪಾಲಭಾತಿಯ ಒಂದು ಬಗೆಯಾಗಿ, ವ್ಯುತ್ಕ್ರಮವೆಂಬ ಹೆಸರಿನಲ್ಲಿ. ಆಯುರ್ವೇದವಂತೂ ಮೂಗಿಗೆ ಬಹುಮಟ್ಟಿಗೆ ಸ್ನೇಹದ್ರವ್ಯವನ್ನೇ ನೆಚ್ಚಿತು. ಚರಕಸಂಹಿತೆಯ ಅಣುತೈಲವನ್ನು ಇಂದಿಗೂ ಔಷಧದ ಅಂಗಡಿಗಳಲ್ಲಿ ಕೊಳ್ಳಬಹುದು.

ಹಾಗಾದರೆ ಉಪ್ಪು ಎಲ್ಲಿಂದ ಬಂತು? ಸಾದಾ ನೀರು ಮೂಗಿಗೇರಿದರೆ ನೆತ್ತಿಗೆ ಹತ್ತಿದಂತೆ ಉರಿಯುತ್ತದೆಂಬುದು ಕೆರೆಯಲ್ಲಿ ಮುಳುಗೆದ್ದ ಹುಡುಗರಿಗೆಲ್ಲ ಗೊತ್ತು. ನೀರಿಗಿಂತ ನಮ್ಮ ಜೀವಕೋಶಗಳ ರಸ ಉಪ್ಪಾದದ್ದು. ಆದ್ದರಿಂದ ಸಾದಾ ನೀರು ಕೋಶಗಳೊಳಗೆ ನುಗ್ಗಿ ಅವನ್ನು ಉಬ್ಬಿಸುತ್ತದೆ. ಎಷ್ಟು ಉಪ್ಪು ಬೆರೆಸಿದರೆ ಈ ನುಗ್ಗಾಟ ನಿಲ್ಲುವುದೆಂಬ ಲೆಕ್ಕ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಿಳಿಯಿತು. ಡಚ್ ವಿಜ್ಞಾನಿ ಹ್ಯಾಂಬರ್ಗರ್ ರಕ್ತದ ಕೆಂಪುಕಣಗಳನ್ನು ಬೇರೆ ಬೇರೆ ಸಾಂದ್ರತೆಯ ಉಪ್ಪುನೀರಿನಲ್ಲಿರಿಸಿ ಪರೀಕ್ಷಿಸಿದನು. ಲೀಟರಿಗೆ 9 ಗ್ರಾಂ ಎಂಬ ಪ್ರಮಾಣ ರೂಢಿಗೆ ಬಂದದ್ದು ಇಂಥ ಶೋಧನೆಗಳಿಂದ. ಅದಕ್ಕೂ ಮೊದಲೇ, 1847ರಲ್ಲಿ, ಜರ್ಮನಿಯ ವೇಬರ್ ಒಂದು ಹೊಳ್ಳೆಗೆ ಸುರಿದ ನೀರು ಇನ್ನೊಂದರಿಂದ ಹರಿಯುವುದನ್ನು ಗಮನಿಸಿದ್ದನು. ಲಂಡನ್ನಿನ ವೈದ್ಯ ಥುಡಿಕುಂ 1864ರಲ್ಲಿ ಅದನ್ನೇ ಚಿಕಿತ್ಸೆಯ ಕ್ರಮವಾಗಿ ಪ್ರಕಟಿಸಿದನು.

ಈ ಎರಡು ಧಾರೆಗಳು ನಮ್ಮಲ್ಲಿ ಕೂಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಸ್ವಾಮಿ ಕುವಲಯಾನಂದರು 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ ಯೋಗಕ್ರಿಯೆಗಳನ್ನು ಪ್ರಯೋಗಶಾಲೆಯ ಪರೀಕ್ಷೆಗೆ ಒಡ್ಡಿದರು. ಇಂಥ ಸಂಸ್ಥೆಗಳ ಶಿಕ್ಷಣದ ಮೂಲಕ ಗಿಂಡಿ, ಉಗುರುಬೆಚ್ಚಗಿನ ನೀರು, ಉಪ್ಪು ಒಟ್ಟಾಗಿ ಮನೆಮನೆಯ ಬಚ್ಚಲಿಗೆ ಬಂದವು. ಹಳೆಯ ಹೆಸರಿನ ಹೊಸ ಕೂಡಿಕೆಯಿದು. ಅದರಲ್ಲಿ ನಾಚಬೇಕಾದದ್ದೇನೂ ಇಲ್ಲವೆಂದೇ ನನ್ನ ಭಾವನೆ.

ಆದರೂ ಇದನ್ನು ಎತ್ತಿ ಹೇಳಲು ಕಾರಣವಿದೆ. ಪ್ರಾಚೀನವೆಂಬ ನಂಬಿಕೆಯಲ್ಲಿ ಜನ ನೀರು ಎಲ್ಲಿಯದೆಂದು ಕೇಳುವುದನ್ನೇ ಬಿಡುತ್ತಾರೆ. ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುವ ಒಂದು ಅಮೀಬವುಂಟು. ಅದರಿಂದ ಮನುಷ್ಯರಿಗೆ ಬರುವ ಮಿದುಳಿನ ರೋಗವನ್ನು 1965ರಲ್ಲಿ ಆಸ್ಟ್ರೇಲಿಯದ ಫೌಲರ್ ಮತ್ತು ಕಾರ್ಟರ್ ವರದಿ ಮಾಡಿದರು. ಆ ನೀರನ್ನು ಕುಡಿದರೆ ಈ ರೋಗ ಬಾರದು. ಮೂಗಿಗೇರಿದರೆ ಅಮೀಬವು ವಾಸನೆಯ ನರದ ಗುಂಟ ಮಿದುಳಿಗೆ ಹೋಗುತ್ತದೆ, ಹೋದರೆ ಉಳಿಯುವವರು ಅತಿ ವಿರಳ. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿಯ ನೀರಿನಿಂದ ಮೂಗು ತೊಳೆದುಕೊಂಡ ಇಬ್ಬರು ಹೀಗೆ ತೀರಿಕೊಂಡರು. ಕರಾಚಿಯಲ್ಲಿ 2008ರಿಂದ ಈಚೆಗೆ ಈಜಾಡಿದ್ದೇ ಇಲ್ಲದವರಲ್ಲಿ ಈ ರೋಗ ಕಂಡಾಗ ವೈದ್ಯರ ಗಮನ ವಜೂವಿನ ನೀರಿನ ಕಡೆಗೆ ತಿರುಗಿತು. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬದ ಮಿದುಳಜ್ವರದ ಅನೇಕ ಪ್ರಕರಣಗಳು ವರದಿಯಾದವು. ಕೋಟ್ಯಂತರ ಜನ ನಿರಪಾಯವಾಗಿ ಮೂಗು ತೊಳೆಯುತ್ತಿರುವಾಗ ಇದು ಅಪರೂಪದ ಅಪಾಯವೇ ಸರಿ. ಆದರೆ ಬೇಸಿಗೆಯ ಮುದಗಲ್ಲಿನಲ್ಲಿ ಮಾಳಿಗೆಯ ಮೇಲಿನ ತೊಟ್ಟಿಯ ನೀರು ಎಷ್ಟು ಬಿಸಿಯಾಗುತ್ತದೆಂಬುದನ್ನು ಬಲ್ಲವರಿಗೆ ಎಚ್ಚರ ಸಾಕು. ಉಪ್ಪು ಕದಡಿದ ಮಾತ್ರಕ್ಕೆ ನೀರು ಶುದ್ಧವಾಗದು. ಅದನ್ನು ಕುದಿ ಬಂದ ಮೇಲೂ ಕನಿಷ್ಠ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಬೇಕು. ಅರ್ಧ ಲೀಟರಿಗೆ ಸುಮಾರು 4.5 ಗ್ರಾಂ ಉಪ್ಪು, ಎಂದರೆ ಚಹದ ಚಮಚೆಯ ಮುಕ್ಕಾಲು ಭಾಗ, ಸಾಕು. ಬಾಯಿಂದ ಉಸಿರಾಡುತ್ತ ತಲೆ ವಾಲಿಸಿದರೆ ವೇಬರ್ ಕಂಡಂತೆ ನೀರು ತಾನಾಗಿ ಆಚೆಯ ಹೊಳ್ಳೆಯಿಂದ ಇಳಿಯುತ್ತದೆ. ಆಮೇಲೆ ಗಟ್ಟಿಯಾಗಿ ಸೀಟಬಾರದು. ಕಿವಿಗೆ ನೀರು ಹೋಗುವುದುಂಟು. ಗಿಂಡಿಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿ ಪೂರ್ತಿ ಒಣಗಿಸಬೇಕು. ಬಿಸಿಲಿಗಂತೂ ಆ ಸೀಮೆಯಲ್ಲಿ ಬರವಿಲ್ಲ.