ಪಕ್ಷಿರಾಜಪುರದ ನೋಟು, ಪಿರಿಯಾಪಟ್ಟಣದ ಕಾರ್ಡು

ಹೋದ ತಿಂಗಳು ಪಿರಿಯಾಪಟ್ಟಣದ ಕಡೆಯ ರೈತರೊಬ್ಬರು ಫೋನ್ ಮಾಡಿದ್ರು. ಹಳೇ ಪರಿಚಯ. ಮಾತು ನೇರ.

"ಸಾರ್, ಮಗಳು ಜರ್ಮನಿಗೆ ಓದೋಕೆ ಹೋಗ್ತಾವ್ಳೆ. ಬ್ಯಾಂಕ್‌ನೋರು ಮೂರು ತರ ಕಾರ್ಡ್ ಹೇಳ್ತಾರೆ. ಯಾವುದು ಕೊಡಿಸ್ಲಿ? ಟಿವೀಲಿ ಎಲ್ಲಾ ಹೇಳ್ತೀರಲ್ಲ, ಇದೂ ಹೇಳಿ."

ಎರಡೇ ನಿಮಿಷದಲ್ಲಿ ಉತ್ತರ ಹೇಳಬಹುದಿತ್ತು. ಆದರೆ ಫೋನ್ ಇಟ್ಟ ಮೇಲೆ ಆ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಯಾಕೆ ಗೊತ್ತಾ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕಿಗೂ ವಿದೇಶಕ್ಕೂ ಇರೋ ನಂಟು ನಿನ್ನೆ ಮೊನ್ನೆಯದಲ್ಲ. ಇಲ್ಲಿನ ಬ್ಯಾರನ್‌ಗಳಲ್ಲಿ ಹದವಾದ ವರ್ಜೀನಿಯಾ ಹೊಗೆಸೊಪ್ಪು ಎಷ್ಟೋ ವರ್ಷಗಳಿಂದ ಹಡಗು ಹತ್ತುತ್ತಿದೆ. 1976ರಲ್ಲಿ ತಂಬಾಕು ಮಂಡಳಿ ಶುರುವಾಯ್ತು. 1984ರಿಂದ ಕರ್ನಾಟಕದಲ್ಲಿ ಮಂಡಳಿಯ ಹರಾಜು ಬಂತು. ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಕಟ್ಟೆಯಲ್ಲಿ ಬೇಲಿನ ಮುಂದೆ ನಿಂತ ರೈತನ ಸೊಪ್ಪು ದೇಶಕ್ಕೆ ಡಾಲರ್ ತಂದುಕೊಡ್ತಿತ್ತು. ಆದರೆ ಆ ಡಾಲರ್ ಹೇಗಿರುತ್ತೆ ಅಂತ ರೈತ ಕಣ್ಣಲ್ಲಿ ನೋಡಿರಲಿಲ್ಲ. ಈಗ ಅವನ ಮಗಳೇ ಹೊರಟಿದ್ದಾಳೆ.

ಅದಕ್ಕೇ ಈ ಪ್ರಶ್ನೆಗೆ ಉತ್ತರ ಹೇಳೋ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಅಪ್ಪಂದಿರ ಕಾಲದಲ್ಲಿ ವಿದೇಶಕ್ಕೆ ಹೋಗೋದು ಅಂದ್ರೆ ಮೊದಲ ಜಗಳ ಡಾಲರ್ ಜೊತೆ. 1960ರ ದಶಕದಲ್ಲಿ ಅಮೆರಿಕಕ್ಕೆ ಓದಲು ಹೋದವರು ಜೇಬಲ್ಲಿ ಬರೀ ಎಂಟು ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದ ಕಥೆಯನ್ನ ಇವತ್ತಿಗೂ ಹೇಳ್ತಾರೆ. ಅದು ಬಡತನದ ಕಥೆಯಲ್ಲ, ನಿಯಮದ ಕಥೆ. ಮನೆಯಲ್ಲಿ ದುಡ್ಡಿದ್ದರೂ ದೇಶದ ಹತ್ತಿರ ಡಾಲರ್ ಇರಲಿಲ್ಲ. 1966ರ ಜೂನ್ 6ರಂದು ರೂಪಾಯಿ ಬೆಲೆ ಇಳಿಸಿದಾಗ, 4 ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರ್ ಒಂದೇ ಏಟಿಗೆ ಏಳೂವರೆ ರೂಪಾಯಿ ಆಯ್ತು. 1973ರಲ್ಲಿ ಫೆರಾ ಕಾಯ್ದೆ ಬಂತು. ಅನುಮತಿ ಇಲ್ಲದೆ ವಿದೇಶಿ ನೋಟು ಇಟ್ಟುಕೊಳ್ಳೋದೇ ಅಪರಾಧ. ನಿಮ್ಮ ಜೇಬಿನ ನೂರು ಡಾಲರ್ ನಿಮ್ಮನ್ನ ಕೋರ್ಟು ಮೆಟ್ಟಿಲು ಹತ್ತಿಸಬಹುದಿತ್ತು.

ಅದೇ ಹೊತ್ತಲ್ಲಿ ಹೊರಗಿನ ಪ್ರಪಂಚ ಎಲ್ಲಿತ್ತು? 1891ರಲ್ಲೇ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ಟ್ರಾವೆಲರ್ಸ್ ಚೆಕ್ ತಂದಿತ್ತು. ಕಳೆದುಹೋದರೆ ಬದಲಿ ಕೊಡ್ತಾರೆ ಅನ್ನೋದೇ ಅದರ ಜೀವ. 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಶುರುವಾಯ್ತು. ಹೋಟೆಲ್ ಬಿಲ್ಲಿಗೆ ರಟ್ಟಿನ ಒಂದು ಕಾರ್ಡ್ ತೋರಿಸಿ ಎದ್ದು ಬರೋ ಪದ್ಧತಿ. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಊರಿನ ಸುಮಾರು 60,000 ಜನಕ್ಕೆ, ಅವರು ಕೇಳದೇ ಇದ್ದರೂ, ಅಂಚೆಯಲ್ಲಿ ಕಾರ್ಡ್ ಕಳಿಸಿತು. ಅದೇ ಮುಂದೆ 1976ರಲ್ಲಿ ವೀಸಾ ಅನ್ನೋ ಹೆಸರು ಪಡೆದಿದ್ದು. ಭಾರತಕ್ಕೆ 1961ರಲ್ಲೇ ಡೈನರ್ಸ್ ಕ್ಲಬ್ ಬಂತು, ಆದರೆ ಅದು ದೊಡ್ಡವರ ಜೇಬಿನ ಸಾಮಾನು. 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ತನ್ನ ಕಾರ್ಡ್ ತಂದಿತು. ಆಮೇಲೂ ಎಷ್ಟೋ ವರ್ಷ ನಮ್ಮ ಕಾರ್ಡುಗಳ ಮೇಲೆ ಒಂದು ಸಾಲು ಇರ್ತಿತ್ತು, ನೆನಪಿದೆಯಾ? ಭಾರತ ಮತ್ತು ನೇಪಾಳದಲ್ಲಿ ಮಾತ್ರ ಚಲಾವಣೆ.

ಬಾಗಿಲು ತೆರೆದಿದ್ದು 1991ರ ನಂತರ. ಎರಡು ಮೂರು ವಾರದ ಆಮದಿಗೂ ಸಾಲದಷ್ಟು ಡಾಲರ್ ಉಳಿದು, ದೇಶ ಚಿನ್ನ ಅಡ ಇಟ್ಟಿತ್ತಲ್ಲ, ಆ ಅವಮಾನದ ನಂತರ. 2000ದ ಜೂನ್ 1ರಿಂದ ಫೆರಾ ಹೋಗಿ ಫೆಮಾ ಬಂತು. 2004ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸಬಹುದು ಅಂದಿತು. ಇವತ್ತು ಆ ಮಿತಿ ಎರಡೂವರೆ ಲಕ್ಷ ಡಾಲರ್. ಎಂಟು ಡಾಲರ್ ಎಲ್ಲಿ, ಎರಡೂವರೆ ಲಕ್ಷ ಎಲ್ಲಿ!

ಇಷ್ಟು ಹೇಳಿ ನಿಲ್ಲಿಸಿದ್ರೆ ಇದು ಒಂದು ಸುಖಾಂತ್ಯದ ಕಥೆ. ಆದರೆ ಪಿರಿಯಾಪಟ್ಟಣದ ಪಕ್ಕದಲ್ಲೇ ಹುಣಸೂರು ಇದೆ. ಹುಣಸೂರು ತಾಲ್ಲೂಕಿನಲ್ಲಿ ಪಕ್ಷಿರಾಜಪುರ ಇದೆ.

ಪಕ್ಷಿರಾಜಪುರ ಹಕ್ಕಿಪಿಕ್ಕಿಗಳ ಊರು. ಮನೆಯಲ್ಲಿ ವಾಗ್ರಿ ಮಾತು, ಹೊರಗೆ ಕನ್ನಡ. ಹಕ್ಕಿ ಹಿಡಿದು, ಕಾಡು ಸುತ್ತಿ ಬದುಕುತ್ತಿದ್ದ ಜನ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಸುಬಿಗೆ ದಾರಿ ಮುಚ್ಚಿತು. ಗಿಡಮೂಲಿಕೆ, ತಲೆಗೂದಲ ಎಣ್ಣೆ, ಮೈಕೈ ನೋವಿನ ತೈಲ ಕೈ ಹಿಡಿಯಿತು. ಇವತ್ತು ಮೊಬೈಲ್ ತೆರೆದರೆ ಕಾಣೋ 'ಆದಿವಾಸಿ ಹೇರ್ ಆಯಿಲ್' ಇದೇ ಊರಿಂದ ಹೆಸರು ಮಾಡಿದ್ದು. ಆದರೆ ಮೊಬೈಲಿಗಿಂತ ಮೊದಲೇ ಇವರು ಆಫ್ರಿಕಾ ನೋಡಿದ್ದರು. ಸಾಲ ಮಾಡಿ ಟಿಕೆಟ್ ತಗೊಂಡು, ಮೂಲಿಕೆ ಗಂಟು ಕಟ್ಟಿಕೊಂಡು, ಯಾರೂ ಪ್ರವಾಸ ಹೋಗದ ದೇಶಗಳಿಗೆ ಹೋಗಿ ಆರು ತಿಂಗಳು ಮಾರಾಟ ಮಾಡಿ ಬರೋರು. ವಿದೇಶ ಅಂದ್ರೆ ನಮಗೆ ಸಿಂಗಪುರ, ದುಬೈ. ಇವರಿಗೆ ಸುಡಾನ್, ಗ್ಯಾಬೊನ್.

2023ರ ಏಪ್ರಿಲ್ 15. ಸುಡಾನ್‌ನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಶುರುವಾಯ್ತು. ನಮ್ಮ ನ್ಯೂಸ್‌ರೂಮಿನಲ್ಲಿ ಆಗ ಇದ್ದದ್ದು ಒಂದೇ ಮಾತು, ವಿಧಾನಸಭೆ ಚುನಾವಣೆ. ಟಿಕೆಟ್ ಯಾರಿಗೆ, ಬಂಡಾಯ ಎಲ್ಲಿ. ಮಧ್ಯೆ ಸುದ್ದಿ ಬಂತು: ಕರ್ನಾಟಕದ 31 ಹಕ್ಕಿಪಿಕ್ಕಿಗಳು ಸುಡಾನ್‌ನ ಎಲ್ ಫಾಶೆರ್‌ನಲ್ಲಿ ಸಿಕ್ಕಿಬಿದ್ದಿದ್ದಾರೆ. ಏಪ್ರಿಲ್ 18ರಂದು ಸಿದ್ದರಾಮಯ್ಯ ಟ್ವೀಟ್ ಮಾಡಿದ್ರು, ವಿದೇಶಾಂಗ ಸಚಿವ ಜೈಶಂಕರ್ ಖಾರವಾಗಿ ಉತ್ತರ ಕೊಟ್ರು. ನಮಗೆ ಚರ್ಚೆಗೆ ವಿಷಯ ಸಿಕ್ತು. ಅಲ್ಲಿದ್ದವರಿಗೆ ಊಟ, ನೀರು ಸಿಕ್ಕಿರಲಿಲ್ಲ.

ಈಗ ನಿಮ್ಮಲ್ಲಿ ಯಾರಾದ್ರೂ ಕೇಳಬಹುದು: ಅಕೌಂಟಲ್ಲಿ ದುಡ್ಡಿದ್ರೆ ಕಾರ್ಡ್ ಉಜ್ಜಿ ಊಟ ತರಬಹುದಿತ್ತಲ್ಲ?

ಇಲ್ಲ. ಯಾಕಂದ್ರೆ ಕಾರ್ಡ್ ಅನ್ನೋದು ಪ್ಲಾಸ್ಟಿಕ್ ಅಲ್ಲ, ಒಪ್ಪಂದ. ನೀವು ಫ್ರಾಂಕ್‌ಫರ್ಟಿನ ಅಂಗಡಿಯಲ್ಲಿ ಕಾರ್ಡ್ ಮುಟ್ಟಿಸಿದಾಗ ಏನಾಗುತ್ತೆ? ಅಂಗಡಿಯ ಬ್ಯಾಂಕು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲಕ್ಕೆ ಕೇಳುತ್ತೆ, ಆ ಜಾಲ ಹುಣಸೂರಿನ ನಿಮ್ಮ ಬ್ಯಾಂಕಿಗೆ ಕೇಳುತ್ತೆ, ಬ್ಯಾಂಕು 'ಆಯ್ತು' ಅನ್ನುತ್ತೆ. ಎರಡು ಸೆಕೆಂಡಿನ ಕೆಲಸ. ಆದರೆ ಈ ಮೂವರೂ ಒಬ್ಬರನ್ನೊಬ್ಬರು ನಂಬಬೇಕು, ಅವರ ಹಿಂದಿರೋ ಸರ್ಕಾರಗಳೂ ನಂಬಬೇಕು. ಸುಡಾನ್ ಮೇಲೆ ಅಮೆರಿಕ 1997ರ ನವೆಂಬರ್‌ನಲ್ಲಿ ಆರ್ಥಿಕ ದಿಗ್ಬಂಧನ ಹಾಕಿತು. ಅದನ್ನ ತೆಗೆದಿದ್ದು 2017ರ ಅಕ್ಟೋಬರ್‌ನಲ್ಲಿ. ಭಯೋತ್ಪಾದನೆಗೆ ನೆರವು ಕೊಡೋ ದೇಶಗಳ ಪಟ್ಟಿಯಿಂದ ಹೆಸರು ಹೊರಬಂದಿದ್ದು 2020ರ ಡಿಸೆಂಬರ್‌ನಲ್ಲಿ. ಅಷ್ಟು ವರ್ಷ ಕಟ್ಟಿದ್ದ ನೂಲು ಒಂದೆರಡು ವರ್ಷದಲ್ಲಿ ಮತ್ತೆ ಜೋಡಣೆ ಆಗುತ್ತಾ? ಸುಡಾನ್‌ಗೆ ಹೋದವರು ಕಾರ್ಡ್ ಅಲ್ಲ, ನಗದನ್ನೇ ನಂಬಬೇಕಿತ್ತು. ಯುದ್ಧದಲ್ಲಿ ಬ್ಯಾಂಕ್ ಬಾಗಿಲು ಮುಚ್ಚಿತು, ಲೂಟಿ ನಡೆಯಿತು. ಅಲ್ಲಿ ಕೈಯಲ್ಲಿರೋ ನೋಟು ಅನ್ನವೂ ಹೌದು, ಬಂದೂಕಿನವನ ಕಣ್ಣಿಗೆ ಗುರಿಯೂ ಹೌದು.

ಏಪ್ರಿಲ್ 24ರಂದು ಭಾರತ 'ಆಪರೇಷನ್ ಕಾವೇರಿ' ಶುರು ಮಾಡಿತು. ಹೆಸರು ನೋಡಿ. ಕೆ.ಆರ್. ನಗರದ ಮಗ್ಗುಲಲ್ಲಿ ಹರಿಯೋ ನದಿಯ ಹೆಸರು. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಪೋರ್ಟ್ ಸುಡಾನ್‌ಗೆ ಬಸ್ಸು, ಅಲ್ಲಿಂದ ನೌಕಾಪಡೆಯ ಹಡಗು, ವಾಯುಪಡೆಯ ವಿಮಾನ, ಜೆಡ್ಡಾ, ಆಮೇಲೆ ಊರು. ಮೇ 5ರ ಹೊತ್ತಿಗೆ 3,862 ಜನ ಹೊರಬಂದಿದ್ದರು. ನಮ್ಮ ಹಕ್ಕಿಪಿಕ್ಕಿಗಳು ಪಕ್ಷಿರಾಜಪುರಕ್ಕೆ ಬಂದರು. ಜೀವ ಬಂತು, ಮಾರೋ ಸರಕು ಅಲ್ಲೇ ಉಳೀತು, ಸಾಲ ಇಲ್ಲೇ ಇತ್ತು.

ಈಗ ನನ್ನದೇ ಒಂದು ತಪ್ಪು ಹೇಳ್ತೀನಿ. ಆಪರೇಷನ್ ಕಾವೇರಿ ಮುಗಿದ ಹನ್ನೊಂದೇ ದಿನಕ್ಕೆ, ಮೇ 16ರಂದು, ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ವಿದೇಶದಲ್ಲಿ ಕ್ರೆಡಿಟ್ ಕಾರ್ಡಿನಲ್ಲಿ ಮಾಡೋ ಖರ್ಚೂ ಎರಡೂವರೆ ಲಕ್ಷ ಡಾಲರ್ ಮಿತಿಯೊಳಗೆ, ಜುಲೈನಿಂದ ಶೇಕಡ 20ರಷ್ಟು ತೆರಿಗೆ ಮೊದಲೇ ಕಡಿತ. ಅಬ್ಬಾ, ಎಂಥಾ ಗಲಾಟೆ! ಮೂರೇ ದಿನಕ್ಕೆ, ಮೇ 19ರಂದು, ಹಣಕಾಸು ಸಚಿವಾಲಯ ಏಳು ಲಕ್ಷದವರೆಗಿನ ಕಾರ್ಡ್ ಖರ್ಚಿಗೆ ವಿನಾಯಿತಿ ಅಂದಿತು. ಜೂನ್ 28ಕ್ಕೆ ಕ್ರೆಡಿಟ್ ಕಾರ್ಡಿನ ಮಾತನ್ನೇ ಮುಂದೂಡಿತು. ನಾನೂ ಸ್ಟುಡಿಯೊದಲ್ಲಿ ಕೂತು ಮೇಜು ಕುಟ್ಟಿದವನೇ. ಒಂದು ಅಧಿಸೂಚನೆಗೆ ಎಷ್ಟು ಗಂಟೆ ಚರ್ಚೆ ಮಾಡಿದೆ, ಪಕ್ಷಿರಾಜಪುರದ ಸಾಲಕ್ಕೆ ಎಷ್ಟು ನಿಮಿಷ ಕೊಟ್ಟೆ ಅಂತ ಲೆಕ್ಕ ಹಾಕಿದ್ರೆ ನನಗೇ ನಾಚಿಕೆ. ಕಾರ್ಡ್ ಇದ್ದವನ ಕೂಗು ದೆಹಲಿಗೆ ಮೂರು ದಿನದಲ್ಲಿ ತಲುಪಿತು. ಕಾರ್ಡ್ ಇಲ್ಲದವನು ಬಾಂಬ್ ಬಿದ್ದಾಗ ಮಾತ್ರ ಸುದ್ದಿಯಾದ.

ಇದು ಬಡವರ ಪಾಡು ಮಾತ್ರ ಅನ್ಕೋಬೇಡಿ. 2022ರ ಮಾರ್ಚ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ರಷ್ಯಾದಲ್ಲಿ ಕೆಲಸ ನಿಲ್ಲಿಸಿದವು. ಅಲ್ಲಿ ಓದುತ್ತಿದ್ದ ನಮ್ಮ ಮಕ್ಕಳ ಭಾರತೀಯ ಕಾರ್ಡು ರಾತ್ರೋರಾತ್ರಿ ಬರೀ ತಗಡು. ಅದೇ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ, ದಿನಸಿ ತರಲು ಸಾಲಿನಲ್ಲಿ ನಿಂತಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಆ ದಿನ ನಾವು ಯಾರೂ ಊಟ ಮಾಡಲಿಲ್ಲ.

ಇನ್ನೊಂದು ಮುಖವೂ ಇದೇ ತಾಲ್ಲೂಕುಗಳಲ್ಲಿದೆ. ಪಿರಿಯಾಪಟ್ಟಣದ ಬೈಲಕುಪ್ಪೆಗೆ ಟಿಬೆಟಿಯನ್ನರು 1960ರ ದಶಕದ ಆರಂಭದಲ್ಲಿ ಬಂದರು. ಕಾಡು ಕಡಿದು ಹೊಲ ಮಾಡಿಕೊಂಡರು. ಆಮೇಲೆ ಹುಣಸೂರಿನ ಗುರುಪುರದಲ್ಲೂ ನೆಲೆ ಆಯ್ತು. ಇಲ್ಲೇ ಹುಟ್ಟಿದ ಎಷ್ಟೋ ಮಕ್ಕಳಿಗೆ ಪಾಸ್‌ಪೋರ್ಟ್ ಬದಲು ಹಳದಿ ಹೊದಿಕೆಯ ಐಡೆಂಟಿಟಿ ಸರ್ಟಿಫಿಕೇಟ್. ವಿದೇಶಕ್ಕೆ ಹೊರಡೋಕೆ ಅದೇ ದಾಖಲೆ. ನಮಗೆ ವಿದೇಶ ಅನ್ನೋದು ಹೋಗಿ ಬರೋ ಜಾಗ. ಅವರ ಅಜ್ಜಂದಿರಿಗೆ ನಮ್ಮ ಪಿರಿಯಾಪಟ್ಟಣವೇ ವಿದೇಶ. ಬ್ಯಾಂಕು ನಿಮಗೆ ಕಾರ್ಡ್ ಕೊಡೋ ಮೊದಲು ಕೇಳೋದು 'ನೀನು ಯಾರು' ಅಂತ. ಕೆಲವರಿಗೆ ಆ ಪ್ರಶ್ನೆಗೆ ಉತ್ತರ ಕೊಡೋದೇ ಒಂದು ಜನ್ಮದ ಕೆಲಸ.

ಸರಿ, ರೈತರಿಗೆ ನಾನು ಏನು ಹೇಳಿದೆ?

ಮಗಳ ಕೈಗೆ ಎರಡು ಕಾರ್ಡ್ ಕೊಡಿ, ಬೇರೆ ಬೇರೆ ಜಾಲದ್ದು, ಬೇರೆ ಬೇರೆ ಚೀಲದಲ್ಲಿ ಇಡಲಿ. ಒಂದು ಫಾರೆಕ್ಸ್ ಕಾರ್ಡ್ ಇರಲಿ. ಯೂರೊ ತುಂಬಿದ ದಿನದ ಬೆಲೆಯೇ ಖಾಯಂ, ಆಮೇಲೆ ರೂಪಾಯಿ ಬಿದ್ದರೂ ಚಿಂತೆ ಇಲ್ಲ. ಇಲ್ಲಿನ ಮಾಮೂಲಿ ಕಾರ್ಡನ್ನ ಅಲ್ಲಿ ಉಜ್ಜಿದ್ರೆ ಸಾಮಾನ್ಯವಾಗಿ ಶೇಕಡ 2ರಿಂದ 3.5ರವರೆಗೆ ಬ್ಯಾಂಕಿನವರು ಹೆಚ್ಚುವರಿ ಹಿಡೀತಾರೆ. ಅಂಗಡಿಯವನು 'ರೂಪಾಯಿಯಲ್ಲಿ ಕೊಡ್ತೀಯಾ, ಯೂರೊದಲ್ಲಾ' ಅಂತ ಕೇಳಿದ್ರೆ ಕಣ್ಣು ಮುಚ್ಚಿ ಯೂರೊ ಅನ್ನಲಿ. ರೂಪಾಯಿ ಅಂದ್ರೆ ವಿನಿಮಯದ ದರ ಅವನು ಹೇಳಿದ್ದೇ ಆಗುತ್ತೆ, ಅದು ದುಬಾರಿ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯೋದು ಬೇಡ, ಆ ದಿನದಿಂದಲೇ ಬಡ್ಡಿ. ಅಲ್ಲಿ ಹೋದ ಮೇಲೆ ಅಲ್ಲಿನ ಬ್ಯಾಂಕ್ ಅಕೌಂಟ್ ತೆರೆಯಲಿ. ಸ್ವಲ್ಪ ನಗದು ಯಾವಾಗಲೂ ಇರಲಿ. ಹೋಗುವಾಗ ಹೆಚ್ಚಿನ ದೇಶಗಳಿಗೆ 3,000 ಡಾಲರ್‌ವರೆಗೆ ನೋಟು ಒಯ್ಯಬಹುದು.

ಮತ್ತೆ ನನ್ನ ಅನುಭವ. ಒಮ್ಮೆ ಫ್ರಾಂಕ್‌ಫರ್ಟಿನ ಹೋಟೆಲ್ಲಿನಲ್ಲಿ ರಾತ್ರಿ ಹನ್ನೊಂದಕ್ಕೆ ನನ್ನ ಕಾರ್ಡ್ ಕೈಕೊಟ್ಟಿತು. ರಿಸರ್ವ್ ಬ್ಯಾಂಕ್ 2020ರಲ್ಲಿ ಹೊಸ ಕಾರ್ಡುಗಳು ದೇಶದೊಳಗೆ ಮಾತ್ರ ನಡೆಯುವಂತೆ ನಿಯಮ ಮಾಡಿದೆ. ವಿದೇಶದ ಬಳಕೆಯನ್ನ ನಾವೇ ಆನ್ ಮಾಡಬೇಕು. ನಾನು ಮಾಡಿರಲಿಲ್ಲ. ಬ್ಯಾಂಕಿನ 1800 ನಂಬರಿಗೆ ಫೋನ್ ಮಾಡಿದೆ. ಆ ನಂಬರ್ ಅಲ್ಲಿಂದ ಹೋಗಲೇ ಇಲ್ಲ. ಆ್ಯಪ್‌ಗೆ ಒಟಿಪಿ ಬೇಕು, ಒಟಿಪಿ ಬರೋ ಸಿಮ್‌ಗೆ ರೋಮಿಂಗ್ ಇಲ್ಲ. ಜೊತೆಗಿದ್ದ ಕ್ಯಾಮೆರಾಮನ್ ಜೇಬಿನಿಂದ ನೂರು ಯೂರೊ ತೆಗೆದು ಕೊಟ್ಟ. ದಿನಾ ರಾಜ್ಯಕ್ಕೆ ಬುದ್ಧಿ ಹೇಳೋನು ನಾನು, ಆ ರಾತ್ರಿ ಕಾಪಾಡಿದ್ದು ಅವನ ನೋಟು.

ರೈತರು ಎಲ್ಲಾ ಕೇಳಿಸಿಕೊಂಡು ಅಂದ್ರು: "ಅಂದ್ರೆ ಸಾರ್, ಕಾರ್ಡ್ ಎಷ್ಟೇ ಇದ್ರೂ ಕಷ್ಟಕ್ಕೆ ಜೊತೇಲಿ ಒಬ್ಬ ಮನುಷ್ಯ ಬೇಕು ಅಂತೀರಿ."

ನಾನು ಅಷ್ಟು ಹೇಳಿರಲಿಲ್ಲ. ಆದರೆ ಅವರು ಹೇಳಿದ್ದೇ ಸರಿ. ಎಲ್ ಫಾಶೆರ್‌ನಲ್ಲಿ ಸಿಕ್ಕಿಬಿದ್ದವರ ಜೊತೆ ಒಬ್ಬ ಮನುಷ್ಯನಾಗಿ ನಿಲ್ಲಬೇಕಾಗಿದ್ದು ದೇಶ. ತಡವಾಗಿಯಾದರೂ ಬಂತು. ಆ ಊರು 2025ರ ಅಕ್ಟೋಬರ್‌ನಲ್ಲಿ ಅರೆಸೇನಾ ಪಡೆಯ ಕೈಗೆ ಬಿತ್ತು, ಅಲ್ಲಿ ನಡೆದದ್ದು ನರಮೇಧ. ಪಕ್ಷಿರಾಜಪುರದವರು ಅಷ್ಟರೊಳಗೆ ಮನೆಗೆ ಬಂದಿದ್ದರು ಅನ್ನೋದೊಂದೇ ಸಮಾಧಾನ.

ಮುಂದಿನ ಸಲ ಇವರಲ್ಲಿ ಯಾರಾದ್ರೂ ಗಂಟು ಕಟ್ಟಿಕೊಂಡು ಹೊರಟಾಗ, ಹೋಗೋ ದೇಶದಲ್ಲಿ ಯಾವ ಹಣ ನಡೆಯುತ್ತೆ, ಕಷ್ಟ ಬಂದ್ರೆ ಯಾವ ರಾಯಭಾರ ಕಚೇರಿಗೆ ಫೋನ್ ಮಾಡಬೇಕು ಅಂತ ಹೇಳಿ ಕಳಿಸೋಕೆ ಹುಣಸೂರಿನಲ್ಲಿ ಒಂದು ಮೇಜು, ಒಂದು ಕುರ್ಚಿ ಹಾಕಿದ್ರೆ ಸಾಕು. ಅದಕ್ಕೆ ಅಧಿಸೂಚನೆಯೇನೂ ಬೇಡ.