ಗೆಲಿಲಿಯೋನೂ ಮೊದಲು ಎಡವಿದ್ದ (ಭಾಗ 3)

ಗೊಳಸಂಗಿಯಿಂದ ವಿಜಯಪುರಕ್ಕ ಹೋದಾಗೆಲ್ಲ ಗೋಳಗುಮ್ಮಟ ನೋಡ್ತೀವಿ. ಅದರ ತುದಿಯಿಂದ ಒಂದು ಕಲ್ಲು ಬಿತ್ತು ಅನ್ಕೋರಿ. (ಅನ್ಕೊಳ್ಳೋದಷ್ಟ, ಹೋಗಿ ಒಗೀಬ್ಯಾಡ್ರಿ, ಕೆಳಗ ಮಂದಿ ಇರ್ತಾರ.) ಎತ್ತರ ಸುಮಾರು 51 ಮೀಟರ್. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದ್ರ ನೆಲ ಮುಟ್ಟಾಕ ಸುಮಾರು 3.2 ಸೆಕೆಂಡ್ ಬೇಕು. ಹಂಗಾದ್ರ 1.6 ಸೆಕೆಂಡಿಗೆ ಕಲ್ಲು ಎಲ್ಲಿರತೈತಿ?

ನಾನು "ಅರ್ಧಕ್ಕ" ಅಂದಿದ್ದೆ. ತಪ್ಪು. ಆಗ ಬಿದ್ದಿರೋದು ಬರೀ 13 ಮೀಟರ್, ಕಾಲು ಭಾಗ. ಉಳಿದ ಮುಕ್ಕಾಲು ಭಾಗವನ್ನು ಅದು ಉಳಿದ 1.6 ಸೆಕೆಂಡಿನಲ್ಲೇ ದಾಟುತ್ತದೆ.

ನಾಚಿಕಿ ಪಡಬ್ಯಾಡ್ರಿ, ಇದರಾಗ ದೊಡ್ಡವರೂ ಎಡವ್ಯಾರ. 1604ರಲ್ಲಿ ಗೆಲಿಲಿಯೋ ತನ್ನ ಗೆಳೆಯ ಪಾವೊಲೊ ಸಾರ್ಪಿಗೆ ಒಂದು ಪತ್ರ ಬರೆದ. ಬೀಳುವ ವಸ್ತುವಿನ ವೇಗ ಅದು ಬಿದ್ದ ದೂರಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂಬುದು ಅದರಲ್ಲಿದ್ದ ವಾದ. ಕೇಳಾಕ ಸರಿ ಅನ್ನಿಸತೈತಿ. ಎರಡು ಪಟ್ಟು ಬಿದ್ರ ಎರಡು ಪಟ್ಟು ವೇಗ, ಹೌದಲ್ರಿ? ಆದರೆ ಕಲ್ಲನ್ನು ಕೈ ಬಿಡುವ ಕ್ಷಣ ನೋಡಿ. ಬಿದ್ದ ದೂರ ಸೊನ್ನೆ, ಹಾಗಾಗಿ ವೇಗವೂ ಸೊನ್ನೆ. ವೇಗ ಇಲ್ಲಂದ್ರ ದೂರ ಹೆಚ್ಚಂಗಿಲ್ಲ, ದೂರ ಹೆಚ್ಚಲಿಲ್ಲಂದ್ರ ವೇಗ ಹುಟ್ಟಂಗಿಲ್ಲ. ಕಲ್ಲು ಗಾಳ್ಯಾಗ ಹಂಗ ನಿಂತಬಿಡಬೇಕು!

ಮುಂದೆ ಅವನೇ ತಿದ್ದಿಕೊಂಡ. ವೇಗ ಹೆಚ್ಚುವುದು ದೂರಕ್ಕೆ ತಕ್ಕಂತೆ ಅಲ್ಲ, ಕಾಲಕ್ಕೆ ತಕ್ಕಂತೆ. ಸಮನಾದ ಕಾಲದಲ್ಲಿ ಸಮನಾಗಿ ವೇಗ ಏರುವುದು, ಇದೇ ನಮ್ಮ ಪುಸ್ತಕದಾಗಿನ ಏಕರೂಪ ವೇಗೋತ್ಕರ್ಷ. ಬೀಳುವ ಕಲ್ಲಿನ ವೇಗ ಒಂದೊಂದು ಸೆಕೆಂಡ್ ಕಳೆದಂತೆ, ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತ ಹೋಗುತ್ತದೆ. 

ಸ್ಟಾಪ್‌ವಾಚ್ ಇಲ್ಲದ ಕಾಲ ಅದು. 3 ಸೆಕೆಂಡಿನ ಬೀಳುವಿಕೆಯನ್ನು ಹೆಂಗ ಅಳೀತಿದ್ದ? ಅಲ್ಲೇ ಅವನ ಜಾಣತನ. ಬೀಳುವುದನ್ನೇ ನಿಧಾನ ಮಾಡಿದ. ಉದ್ದನೆಯ ಮರದ ತೊಲೆಯಲ್ಲಿ ನುಣುಪಾದ ಕಾಲುವೆ ಕೊರೆದು, ಓರೆಯಾಗಿ ಇಟ್ಟು, ಕಂಚಿನ ಗುಂಡು ಉರುಳಿಸಿದ. ಗುಂಡು ಉರುಳುವಷ್ಟು ಹೊತ್ತು ದೊಡ್ಡ ಪಾತ್ರೆಯ ಸಣ್ಣ ಕೊಳವೆಯಿಂದ ನೀರು ಹಿಡಿದು, ಆ ನೀರನ್ನು ತೂಗಿದ. ನೀರಿನ ತೂಕವೇ ಕಾಲ! (ನಮ್ಮಲ್ಲೂ ತೂತಿನ ಗಳಿಗೆ ಬಟ್ಟಲಿತ್ತು, ಆದ್ರ ಅದು ಮುಳುಗಾಕ 24 ನಿಮಿಷ ಬೇಕು, ಈ ಕೆಲಸಕ್ಕ ಬರಂಗಿಲ್ಲ.) ಸಿಕ್ಕ ಲೆಕ್ಕ ಇದು: ಮೊದಲ ಸಮಕಾಲದಲ್ಲಿ ಗುಂಡು 1 ಪಾಲು ಹೋದರೆ, ಎರಡನೆಯದರಲ್ಲಿ 3, ಮೂರನೆಯದರಲ್ಲಿ 5. ಕೂಡಿಸಿ ನೋಡ್ರಿ: 1, 4, 9. ಕಾಲ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ನಮ್ಮ ಕಲ್ಲು ಅರ್ಧ ಹೊತ್ತಿನ್ಯಾಗ ಕಾಲು ಭಾಗ ಬಿದ್ದದ್ದು ಇದಕ್ಕ.

ಇದನ್ನೆಲ್ಲ ಹೇಳುವ ಪುಸ್ತಕ 1638ರಲ್ಲಿ ಲೈಡನ್‌ನಲ್ಲಿ ಅಚ್ಚಾಯಿತು. ಆಗ ಗೆಲಿಲಿಯೋ ಗೃಹಬಂಧನದಲ್ಲಿದ್ದ, ಕಣ್ಣೂ ಹೋಗಿದ್ದವು. ಅದೇ ಕಾಲಕ್ಕೆ ಇಲ್ಲಿ ಮುಹಮ್ಮದ್ ಆದಿಲ್ ಶಾಹನ ಆಳ್ವಿಕೆ (1627-1656), ಅವನ ಸಮಾಧಿಯೇ ಗೋಳಗುಮ್ಮಟ. ನಮ್ಮ ಮಲಿಕ್-ಎ-ಮೈದಾನ್ ತೋಪು ಇನ್ನೂ ಹಳೇದು. ಎರಕ ಹೊಯ್ದದ್ದು 1549ರಲ್ಲಿ, ಗೆಲಿಲಿಯೋ ಹುಟ್ಟೋಕಿಂತ 15 ವರ್ಷ ಮೊದಲು.

ತೋಪಿನ ಗುಂಡು ನೆಟ್ಟಗ ಹೋಗದ ಬಾಗಿ ಯಾಕ ಬೀಳತೈತಿ ಅನ್ನೋದು ಭಾಗ 4ರಾಗ.

#ಗೊಳಸಂಗಿ #ವಿಜಯಪುರ #ಭೌತಶಾಸ್ತ್ರ