ಲಾಟಿ ಡಾಡ್‌ಳ ಗಿಡ್ಡ ಲಂಗ

ಪುಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಎರಡು ಟೆನಿಸ್ ಕೋರ್ಟುಗಳಿವೆ. ಸಂಜೆ 5ರಿಂದ 7ರವರೆಗೆ ಅವು ಮಕ್ಕಳದ್ದು, ಆಮೇಲೆ ನಮ್ಮಂಥ ಮೊಣಕಾಲು ನೋವಿನವರದ್ದು. ಹೋದ ವರ್ಷ ಅಕ್ಕಪಕ್ಕದ ಸೊಸೈಟಿಗಳೆಲ್ಲ ಸೇರಿ ಮಕ್ಕಳಿಗೆ ಪಂದ್ಯಾವಳಿ ನಡೆಸುವುದೆಂದು ಠರಾವಾಯಿತು. 13ರಿಂದ 17 ವಯಸ್ಸಿನ 22 ಮಕ್ಕಳಿಗೆ ಕ್ಲಬ್ಬಿನ ಬಟ್ಟೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಪ್ರಾಜೆಕ್ಟ್ ಮ್ಯಾನೇಜರ್ ಎಂದು ಗೊತ್ತಾದರೆ ಜನ ಇಂಥದ್ದನ್ನೆಲ್ಲ ಸಲೀಸಾಗಿ ಹೆಗಲಿಗೆ ಏರಿಸಿಬಿಡುತ್ತಾರೆ. ನಾನೂ ಕಚೇರಿಯ ಚಾಳಿಯಂತೆ ಎಕ್ಸೆಲ್ ಹಾಳೆ ತೆರೆದೆ. ಬಟ್ಟೆ, ಜಿಎಸ್‌ಎಂ, ದರ, ಎಷ್ಟು ದಿನದಲ್ಲಿ ಕೈಸೇರುತ್ತದೆ ಎಲ್ಲಕ್ಕೂ ಒಂದೊಂದು ಕಾಲಂ. ಬಿಳಿ ಕಾಲರ್ ಟೀಶರ್ಟು, ಹುಡುಗರಿಗೆ ಬಿಳಿ ಶಾರ್ಟ್ಸು, ಹುಡುಗಿಯರಿಗೆ ಬಿಳಿ ಸ್ಕರ್ಟು, ಬೆನ್ನ ಮೇಲೆ ದೊಡ್ಡದಾಗಿ ಸೊಸೈಟಿಯ ಹೆಸರು. ಟೆನಿಸ್ ಅಂದರೆ ಬಿಳಿ, ಅದರಲ್ಲಿ ಮಕ್ಕಳನ್ನು ಕೇಳುವುದೇನಿದೆ?

ಮಾದರಿ ಬಂದ ದಿನ ನನ್ನ 15 ವರ್ಷದ ಮಗಳು ಸ್ಕರ್ಟನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದಳು. ಆಚೆಯ ಬೆಳಕು ಸ್ವಚ್ಛವಾಗಿ ಕಂಡಿತು. "ಅಪ್ಪಾ, ಇದನ್ನ ಹಾಕ್ಕೊಂಡು ನೀ ಆಡ್ತೀ ಏನು?" ಎಂದು ಕೇಳಿ, ಮಡಚಿಟ್ಟು, ಕೋಣೆಗೆ ಹೋದಳು. ಆಮೇಲೆ ಅಡುಗೆಮನೆಯಲ್ಲಿ ಹೆಂಡತಿ ಬಿಡಿಸಿ ಹೇಳಿದಳು. ಮುಟ್ಟಿನ ದಿನಗಳಲ್ಲಿ ಬಿಳಿ ಬಟ್ಟೆ ತೊಟ್ಟು ಅಷ್ಟು ಜನರೆದುರು ಓಡಾಡಬೇಕಾದ ಹುಡುಗಿ ಚೆಂಡನ್ನು ನೋಡುತ್ತಾಳೋ, ತನ್ನ ಬೆನ್ನ ಹಿಂದೆ ನೋಡಿಕೊಳ್ಳುತ್ತಾಳೋ? ಮೂವರು ಹುಡುಗಿಯರು ಆಗಲೇ ಹೆಸರು ವಾಪಸು ಪಡೆಯುವ ಮಾತಾಡಿದ್ದರಂತೆ. ನನ್ನ ಹಾಳೆಯಲ್ಲಿ ಇದಕ್ಕೊಂದು ಕಾಲಂ ಇರಲಿಲ್ಲ.

ಅವತ್ತು ರಾತ್ರಿ, ಈ ಬಿಳಿ ಬಂದದ್ದಾದರೂ ಎಲ್ಲಿಂದ ಎಂದು ಹುಡುಕುತ್ತ ಕೂತೆ. ಲಾನ್ ಟೆನಿಸ್‌ಗೆ ಮೇಜರ್ ವಿಂಗ್‌ಫೀಲ್ಡ್ ಪೇಟೆಂಟ್ ಪಡೆದದ್ದು 1874ರಲ್ಲಿ. ಇಂಗ್ಲೆಂಡಿನ ಉಳ್ಳವರ ಹುಲ್ಲುಹಾಸಿನ ಆಟ ಅದು. ಬಣ್ಣದ ಬಟ್ಟೆಯ ಮೇಲೆ ಬೆವರಿನ ಕಲೆ ಎದ್ದು ಕಾಣುತ್ತದೆ, ಬಿಳಿಯ ಮೇಲೆ ಅಷ್ಟಾಗಿ ಕಾಣುವುದಿಲ್ಲ. ಮರ್ಯಾದಸ್ಥರು ಬೆವರಿದ್ದು ಯಾರಿಗೂ ಕಾಣಬಾರದಲ್ಲ! ಬಿಳಿಯನ್ನು ಬಿಳಿಯಾಗೇ ಇಡಲು ಬಟ್ಟೆ ಒಗೆಯುವ ಆಳುಗಳಂತೂ ಮನೆಯಲ್ಲಿದ್ದರು. 1884ರಲ್ಲಿ ವಿಂಬಲ್ಡನ್‌ನಲ್ಲಿ ಹೆಂಗಸರ ಸ್ಪರ್ಧೆ ಮೊದಲಾದಾಗ ಗೆದ್ದ ಮಾಡ್ ವಾಟ್ಸನ್ ತೊಟ್ಟದ್ದೂ ಬಿಳಿಯೇ. ಪಾದ ಮುಟ್ಟುವ ಲಂಗ, ಸೊಂಟ ಬಿಗಿಯುವ ಕಾರ್ಸೆಟ್ಟು, ತಲೆಗೆ ಹ್ಯಾಟು. ಅದರಲ್ಲಿ ಅವರು ಓಡಿದರೆಂಬುದೇ ಸೋಜಿಗ.

ಮೂರು ವರ್ಷಗಳ ನಂತರ, 1887ರಲ್ಲಿ, ಅಲ್ಲಿಗೆ ಲಾಟಿ ಡಾಡ್ ಬಂದಳು. ವಯಸ್ಸು 15. ನನ್ನ ಮಗಳದ್ದೇ ವಯಸ್ಸು. ಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಬ್ಲಾಂಚ್ ಬಿಂಗ್ಲಿಯನ್ನು 6-2, 6-0ರಿಂದ ಸೋಲಿಸಿದಳು. ವಿಂಬಲ್ಡನ್ನಿನ ಮಹಿಳಾ ಸಿಂಗಲ್ಸ್ ಗೆದ್ದ ಅತಿ ಕಿರಿಯಳೆಂಬ ದಾಖಲೆ ಇವತ್ತಿಗೂ ಅವಳದ್ದೇ. ಪ್ರತಿಭೆ ಇತ್ತು, ಅನುಮಾನವಿಲ್ಲ. ಒಟ್ಟು 5 ಸಲ ಗೆದ್ದಳು, ಮುಂದೆ ಗಾಲ್ಫ್ ಚಾಂಪಿಯನ್ ಆದಳು, 1908ರ ಒಲಿಂಪಿಕ್ಸ್‌ನಲ್ಲಿ ಬಿಲ್ಲುಗಾರಿಕೆಯಲ್ಲಿ ಬೆಳ್ಳಿ ಪದಕವನ್ನೂ ತಂದಳು. ಆದರೆ 1887ರಲ್ಲಿ ಅವಳಿಗೆ ಇನ್ನೊಂದು ಅನುಕೂಲವಿತ್ತು. ಶಾಲೆಗೆ ಹೋಗುವ ವಯಸ್ಸಿನವಳಾದ್ದರಿಂದ ಮೀನಖಂಡದವರೆಗಿನ ಗಿಡ್ಡ ಲಂಗ ತೊಡಲು ಸಮಾಜದ ಅನುಮತಿಯಿತ್ತು. ಎದುರಿನವರು ಲಂಗ ಎಡವದಂತೆ ಹೆಜ್ಜೆಯಿಡಬೇಕಾದಲ್ಲಿ ಇವಳು ಓಡಬಲ್ಲವಳಾಗಿದ್ದಳು. ಹುಡುಗಿ ದೊಡ್ಡವಳಾದಂತೆ ಲಂಗವೂ ಕೆಳಗಿಳಿಯಬೇಕೆಂಬುದು ಆ ಕಾಲದ ಪದ್ಧತಿ. ಚೆನ್ನಾಗಿ ಆಡಲು ಬರುವ ಹೊತ್ತಿಗೆ ಸರಿಯಾಗಿ ಕಾಲು ಕಟ್ಟುವ ಪದ್ಧತಿ!

ಅಲ್ಲಿಂದ ಮುಂದೆ ನೋಡಿದರೆ, ಟೆನಿಸ್ ಬಟ್ಟೆಯಲ್ಲಿ ಆದ ದೊಡ್ಡ ಬದಲಾವಣೆಗಳ ಹಿಂದೆ ಹೆಚ್ಚಾಗಿ ಇರುವವರು ಎಳೆಯರೇ. 1905ರಲ್ಲಿ ಅಮೆರಿಕದ 18ರ ಮೇ ಸಟನ್ ತೋಳು ಮಡಚಿ ಮುಂಗೈ ತೋರಿಸಿ ಆಡಿದ್ದೇ ಸುದ್ದಿಯಾಯಿತು. 1919ರಲ್ಲಿ 20ರ ಸುಜಾನ್ ಲೆಂಗ್ಲೆನ್ ಕಾರ್ಸೆಟ್ಟನ್ನೇ ಬಿಟ್ಟು ಬಂದಳು. ಗಂಡಸರ ಕಥೆಯೂ ಬೇರೆಯಲ್ಲ. ಉದ್ದ ತೋಳಿನ ಬಿಗಿ ಅಂಗಿಯಿಂದ ಬೇಸತ್ತ ರೆನೆ ಲಾಕೋಸ್ಟ್ 1926ರಲ್ಲಿ ಗಿಡ್ಡ ತೋಳಿನ, ಗಾಳಿಯಾಡುವ ಹತ್ತಿಯ ಅಂಗಿ ತೊಟ್ಟು ಅಮೆರಿಕದಲ್ಲಿ ಆಡಿದ. ಮೊಸಳೆ ಚಿತ್ರ ಆಮೇಲೆ ಬಂತು, ಕಂಪನಿ 1933ರಲ್ಲಿ. ನಾನು ಸಂಪ್ರದಾಯವೆಂದು ಕಣ್ಣುಮುಚ್ಚಿ ಆರಿಸಿದ್ದ ಕಾಲರ್ ಟೀಶರ್ಟು ಒಂದು ಕಾಲಕ್ಕೆ 22ರ ಹುಡುಗನ ತಕರಾರಾಗಿತ್ತು.

ನಮ್ಮ ನೆಲದ ಒಬ್ಬರನ್ನು ಇಲ್ಲಿ ನೆನೆಯಬೇಕು. ಮುಂಬೈಯ ಮೆಹರ್‌ಬಾಯಿ ಟಾಟಾ, ದೊರಾಬ್ಜಿ ಟಾಟಾ ಅವರ ಪತ್ನಿ, ಹೋಮಿ ಭಾಭಾ ಅವರ ಸೋದರತ್ತೆ. ತಂದೆ ಹೊರ್ಮುಸ್ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಹಿರಿಯ ಅಧಿಕಾರಿ. ಹಾಗಾಗಿ ಮಗಳು ಓದಿದ್ದು ಬೆಂಗಳೂರಿನಲ್ಲಿ. ಆಕೆ ಟೆನಿಸ್ ಆಡುತ್ತಿದ್ದದ್ದು ಪಾರ್ಸಿ ರೀತಿಯಲ್ಲಿ ಉಟ್ಟ ಸೀರೆಯಲ್ಲಿ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಿಶ್ರ ಡಬಲ್ಸ್ ಪಟ್ಟಿಯಲ್ಲಿ ಮೊಹಮ್ಮದ್ ಸಲೀಂ ಜೊತೆ ಅವರ ಹೆಸರಿದೆ. ಸೀರೆಯಲ್ಲಿ ಟೆನಿಸ್ಸೇ ಎಂದು ನಮಗೆ ನಗು ಬರಬಹುದು. ಆದರೆ ಅದು ಅವರೇ ಆರಿಸಿಕೊಂಡ ಉಡುಪು. ಆಟಗಾರ್ತಿಯ ಬಟ್ಟೆ ಗಿಡ್ಡವಾದಷ್ಟೂ ಮುಂದುವರಿದದ್ದು ಎಂಬ ಲೆಕ್ಕ ಹಾಕಿಕೊಂಡಿದ್ದ ನಾನು ಅದನ್ನು ಅಲ್ಲಿಗೇ ಕೈಬಿಟ್ಟೆ. 2005ರಲ್ಲಿ 18ರ ಸಾನಿಯಾ ಮಿರ್ಜಾ ಹೈದರಾಬಾದಿನಲ್ಲಿ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಭಾರತದ ಮೊದಲಿಗಳಾದ ವರ್ಷವೇ, ಧರ್ಮಗುರುಗಳು ಆಕೆಯ ಸ್ಕರ್ಟಿನ ಉದ್ದ ಅಳೆಯಲು ಹೊರಟಿದ್ದನ್ನು ನೆನೆದರೆ, ಅಳತೆ ಪಟ್ಟಿ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ ಅನಿಸುತ್ತದೆ.

ನನ್ನ ವಾರಿಗೆಯವರಿಗೆ ಅಗಾಸ್ಸಿ ನೆನಪಿರಲೇಬೇಕು. ಧಾರವಾಡದಲ್ಲಿ ಪಕ್ಕದ ಮನೆಯ ಟೀವಿಯಲ್ಲಿ ಅವನ ಕೂದಲು ನೋಡಿದ ಮೇಲೆ ನಾನು ಮೂರು ತಿಂಗಳು ಕ್ಷೌರ ಮಾಡಿಸಿಕೊಳ್ಳದೆ ಅಪ್ಪನಿಂದ ಬೈಸಿಕೊಂಡಿದ್ದೇನೆ. 18ನೇ ವಯಸ್ಸಿಗೆ ಜೀನ್ಸ್ ಬಟ್ಟೆಯ ಚಡ್ಡಿಯಲ್ಲಿ ಆಡಿದವನು, 1988ರಿಂದ 1990ರವರೆಗೆ ವಿಂಬಲ್ಡನ್ ಕಡೆ ತಲೆಯೇ ಹಾಕಲಿಲ್ಲ. ಬಿಳಿಯ ನಿಯಮವೂ ಒಂದು ಕಾರಣ. 1991ರಲ್ಲಿ ಬಂದ. ಏನು ತೊಡುತ್ತಾನೋ ಎಂದು ಎಲ್ಲರೂ ಕಾದಿದ್ದರೆ, ಟ್ರ್ಯಾಕ್‌ಸೂಟ್ ತೆಗೆದಾಗ ಒಳಗೆ ಅಚ್ಚ ಬಿಳಿ! ಮರುವರ್ಷ ಕಪ್ಪೂ ಗೆದ್ದ.

ನನಗೆ ಅಚ್ಚರಿಯಾದದ್ದು ಆ ನಿಯಮದ ವಯಸ್ಸು. ಅನಾದಿ ಕಾಲದ್ದೆಂದು ನಾನು ತಿಳಿದಿದ್ದೆ. ಬಹುಪಾಲು ಬಿಳಿ ಇರಲಿ ಎಂದು ವಿಂಬಲ್ಡನ್ ನಿಯಮ ಮಾಡಿದ್ದು 1963ರಲ್ಲಿ. ಹೆಚ್ಚುಕಡಿಮೆ ಪೂರ್ತಿ ಬಿಳಿ ಎಂದು ಬಿಗಿಗೊಳಿಸಿದ್ದು 1995ರಲ್ಲಿ, ಅಂದರೆ ನಾನು ಹೈಸ್ಕೂಲಿನಲ್ಲಿದ್ದಾಗ. 2014ರಲ್ಲಿ ಟೋಪಿ, ಬೂಟಿನ ಅಟ್ಟೆ, ಹೊರಗೆ ಕಾಣುವ ಒಳಉಡುಪಿನವರೆಗೂ ಅದು ಇಳಿಯಿತು. ಹೆಣ್ಣುಮಕ್ಕಳು ಮುಟ್ಟಿನ ಆತಂಕವನ್ನು ಬಾಯಿಬಿಟ್ಟು ಹೇಳಿದ ಮೇಲೆ, 2022ರ ನವೆಂಬರಿನಲ್ಲಿ ಕ್ಲಬ್ಬು ಒಂದು ಹೆಜ್ಜೆ ಹಿಂದೆ ಸರಿಯಿತು. 2023ರಿಂದ ಸ್ಕರ್ಟಿನ ಒಳಗೆ ಗಾಢ ಬಣ್ಣದ ಚಡ್ಡಿ ತೊಡಬಹುದು, ಸ್ಕರ್ಟಿಗಿಂತ ಉದ್ದವಿರಬಾರದು, ಅಷ್ಟೆ.

ಮುಂದಿನ ಭಾನುವಾರ ಮಕ್ಕಳನ್ನೇ ಕೂರಿಸಿಕೊಂಡು ಕೇಳಿದೆ. ಹುಡುಗಿಯರು ಕೇಳಿದ್ದು ನೇವಿ ನೀಲಿ. ಸ್ಕರ್ಟಿನ ಒಳಚಡ್ಡಿಗೆ ಚೆಂಡು ಸಿಕ್ಕಿಸುವ ಜೇಬು. ಬೇಡವಾದವರಿಗೆ ಸ್ಕರ್ಟಿನ ಬದಲು ಶಾರ್ಟ್ಸು. ಒಬ್ಬಳು ಪಾದದವರೆಗಿನ ಟೈಟ್ಸ್ ಕೇಳಿದಳು, ಬರೆದುಕೊಂಡೆ. ಹುಡುಗರಿಗೆ ಟೀಶರ್ಟು ಸ್ವಲ್ಪ ದೊಗಲೆ ಬೇಕು. ಬೆನ್ನ ಮೇಲಿನ ದೊಡ್ಡ ಹೆಸರಂತೂ ಯಾರಿಗೂ ಬೇಡ, "ಅಂಕಲ್, ಹೌಸ್‌ಕೀಪಿಂಗ್ ಥರ ಕಾಣುತ್ತೆ" ಎಂದರು. ಎದೆಯ ಎಡಕ್ಕೆ ಚಿಕ್ಕದಾಗಿ ಸಾಕು. ಪಾಲಿಯೆಸ್ಟರ್ ಮೇಲೆ ಸಬ್ಲಿಮೇಷನ್ ಪ್ರಿಂಟ್ ಮಾಡುವವರಿಗೆ ಬಿಳಿಯ ಬದಲು ನೀಲಿ ಮಾಡುವುದು ದೊಡ್ಡ ಮಾತಲ್ಲ.

ಸಮಿತಿಯಲ್ಲಿ ಮಾತ್ರ ಕಷ್ಟವಾಯಿತು. ಹಿರಿಯ ಸದಸ್ಯರೊಬ್ಬರು, ಪಾಪ ಒಳ್ಳೆಯವರೇ, ಬಿಳಿ ಬಿಟ್ಟರೆ ಅದೆಂಥ ಟೆನಿಸ್ ಎಂದು ಪಟ್ಟು ಹಿಡಿದರು. ಹುಡುಗಿಯರಿಗೆ ತೊಂದರೆಯಾಗುತ್ತದೆ ಎಂದೆ; ಕಿವಿಗೆ ಬೀಳಲಿಲ್ಲ. ವಿಂಬಲ್ಡನ್ನೇ ನಿಯಮ ಸಡಿಲಿಸಿದೆ ಎಂದು ಫೋನಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು, "ಹಾಗಾದರೆ ಸರಿ" ಎಂದು ಸಹಿ ಹಾಕಿದರು. ಗೆದ್ದೆನೆಂಬ ಖುಷಿಯಲ್ಲಿ ಮನೆಗೆ ಬಂದು ಹೇಳಿದರೆ ಮಗಳು ಕೇಳಿದಳು, "ಅಂದ್ರ ನಾವು ಹೇಳಿದ್ದು ಸಾಲಲಿಲ್ಲೇನು?"

ಹೆಸರು ವಾಪಸು ಪಡೆಯಲಿದ್ದ ಮೂವರಲ್ಲಿ ಇಬ್ಬರು ಆಡಿದರು. ಮೂರನೆಯವಳು ಅಷ್ಟರಲ್ಲಿ ಕೋಚಿಂಗಿಗೂ ಬರುವುದನ್ನು ಬಿಟ್ಟಿದ್ದಳು. ಅವಳ ಅಳತೆಯ ನೀಲಿ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ನನ್ನ ಕಪಾಟಿನಲ್ಲಿದೆ.